ಸುಳಿವಿನ ಮೂರನೆಯ ತುಂಡು

ದೊಡ್ಡಪ್ಪ ಮೇಜಿಗೆ ತಲೆಯಾನಿಸಿದ್ದರು. ನಿದ್ದೆ ಎಂದುಕೊಂಡೆ. ಕೆನ್ನೆಯ ಕೆಳಗಿದ್ದ ಪದಬಂಧದ ಹಾಳೆ ಕೆಂಪಗಿತ್ತು. ಕಬ್ಬಿಣದ ಪೇಪರ್‌ವೇಟ್ ನೆಲದಲ್ಲಿ ಬಿದ್ದಿತ್ತು. ಪಕ್ಕದಲ್ಲಿ ನನ್ನ ಅಣ್ಣ. ಅವನ ಎರಡೂ ಅಂಗೈಗಳಲ್ಲಿ ರಕ್ತ.

"ಈಗಷ್ಟೇ ಬಂದೆ ಕಣೇ. ಎಬ್ಬಿಸೋಕೆ ನೋಡಿದೆ. ಏಳಲಿಲ್ಲ."

ಆಗ ಐದೂವರೆ. ಪೊಲೀಸರಿಗೆ ಫೋನ್ ಮಾಡಿದೆ.

*

ಇನ್ಸ್‌ಪೆಕ್ಟರ್ ಬಂದವರೇ ಹಾಳೆಯನ್ನು ಕವರಿಗೆ ಹಾಕಿ ತಮ್ಮ ಬಳಿ ಇಟ್ಟುಕೊಂಡರು. ಹಿಂದಿನ ದಿನ ಅಣ್ಣನೂ ದೊಡ್ಡಪ್ಪನೂ ಕಿರುಚಾಡಿದ್ದನ್ನು ಕೆಳಗಿನ ಮನೆಯವರು ಆಗಲೇ ಹೇಳಿಬಿಟ್ಟಿದ್ದರು.

"ಯಾವುದಕ್ಕೆ ಜಗಳ?"

"ಸಿಗರೇಟು ಬಿಡಿ ಅಂದೆ ಸರ್."

"ಅಷ್ಟಕ್ಕೇನಾ?"

"ಅವರು ಬಿಡಲಿಲ್ಲ. ನಾನೂ ಬಿಡಲಿಲ್ಲ."

ಇನ್ಸ್‌ಪೆಕ್ಟರ್ ನಗಲಿಲ್ಲ. "ಜೀಪ್ ಹತ್ತಪ್ಪ."

ಅಷ್ಟರಲ್ಲಿ ಕತ್ತರಿ ಅಂಕಲ್ ಓಡಿ ಬಂದರು. ದೊಡ್ಡಪ್ಪನ ಪದಬಂಧ ಅಚ್ಚಾಗುವ ಪತ್ರಿಕೆಯ ಉಪಸಂಪಾದಕ. ಯಾರ ಬರಹವನ್ನೂ ಕತ್ತರಿಸದೆ ಬಿಡರು, ಅದಕ್ಕೇ ಆ ಹೆಸರು. ಬಾಗಿಲಲ್ಲೇ ಬಿಕ್ಕಿದರು.

"ಎಂಥಾ ತಲೆ ಸರ್ ಅದು! ಈ ವಾರದ್ದೇ ನೋಡಿ. ‘ಸೂರ್ಯ ಚೆಲ್ಲುತ್ತಾನೆ, ಸರ್ಕಾರ ಕೀಳುತ್ತದೆ, ನೀವು ಮುಗಿಯುತ್ತೀರಿ.’ ಎರಡೇ ಅಕ್ಷರ! ಬೆಳಿಗ್ಗೆ ಫೋನಲ್ಲಿ ಓದಿ ಹೇಳಿದ್ರು."

ನಾನು ಹೊಸಬರೆದುರು ಬಾಯಿಬಿಡುವವಳಲ್ಲ. ಆದರೆ ಅಣ್ಣನ ಒಂದು ಕಾಲು ಹೊಸ್ತಿಲಾಚೆ ಇತ್ತು.

"ಅಂಕಲ್, ಆಮೇಲೆ ದೊಡ್ಡಪ್ಪನ ಹತ್ರ ಮಾತಾಡಿದ್ರಾ?"

"ಇಲ್ಲಮ್ಮ. ಇಡೀ ದಿನ ಆಫೀಸು ಬಿಟ್ಟು ಅಲ್ಲಾಡಿಲ್ಲ."

ನಾನು ಇನ್ಸ್‌ಪೆಕ್ಟರ್ ಕಡೆ ತಿರುಗಿದೆ. "ಸರ್, ಬೆಳಿಗ್ಗೆ ಆ ಸುಳಿವಿಗೆ ಮೂರನೇ ತುಂಡೇ ಇರಲಿಲ್ಲ."

*

ದೊಡ್ಡಪ್ಪನಿಗೆ ಒಂದು ರೂಢಿ. ಪ್ರತಿ ಸುಳಿವನ್ನೂ ಮೊದಲು ನನ್ನ ಮೇಲೆ ಪ್ರಯೋಗಿಸುತ್ತಿದ್ದರು. ನಾನು ಸೋತರೆ ಇನ್ನೊಂದು ತುಂಡು ಸೇರಿಸುತ್ತಿದ್ದರು. ಬೆಳಿಗ್ಗೆ ಬರೀ ಸೂರ್ಯ ಮತ್ತು ಸರ್ಕಾರ. ನಾಲ್ಕು ಗಂಟೆಗೆ ಫೋನ್ ಮಾಡಿ ಸೋತೆ ಎಂದೆ. "ದಡ್ಡಿ, ತಗೋ," ಎಂದು ನಕ್ಕು ‘ನೀವು ಮುಗಿಯುತ್ತೀರಿ’ ಸೇರಿಸಿದರು. ಸಂಜೆ ಬಂದು ಉತ್ತರ ಹೇಳುತ್ತೇನೆಂದಿದ್ದೆ. ಎಲ್ಲವನ್ನೂ ಹೊತ್ತಿನ ಸಮೇತ ಡೈರಿಯಲ್ಲಿ ಬರೆದಿದ್ದೆ; ಅದನ್ನೇ ತೆರೆದು ತೋರಿಸಿದೆ.

ಇನ್ಸ್‌ಪೆಕ್ಟರ್ ಕವರ್ ಎತ್ತಿ ನೋಡಿದರು. ಎರಡು ತುಂಡು ಶಾಯಿಯಲ್ಲಿ. ಮೂರನೆಯದು ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ.

"ನಾಲ್ಕರ ನಂತರ ಬರೆದದ್ದು. ಐದೂವರೆಗೆ ಅವರ ತಲೆಯಡಿ ಇತ್ತು. ಆಮೇಲೆ ನನ್ನ ಕೈಲಿ," ಎಂದರು. "ನೀವು ಯಾವಾಗ ಓದಿದ್ರಿ ಸ್ವಾಮಿ?"

ಕತ್ತರಿ ಅಂಕಲ್ ನೆಲದ ಮೇಲೆ ಕೂತರು.

"ಬಹುಮಾನದ ಪದಬಂಧದ ಉತ್ತರ ಮೂರು ಸಲ ನನ್ನ ಭಾವಮೈದನಿಗೆ ಕೊಟ್ಟಿದ್ದೆ. ಇವರಿಗೆ ಗೊತ್ತಾಗಿ ಸಂಪಾದಕರಿಗೆ ಹೇಳ್ತೀನಿ ಅಂದ್ರು. ಬೇಡ ಅಂತ ಕೇಳ್ಕೊಳ್ಳೋಕೇ ಬಂದಿದ್ದು... ತಲೆ ಎತ್ತದೆ ಬರೀತಾನೇ ಇದ್ರು..."

ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿಸಿದ ಕತ್ತರಿ ಅಂಕಲ್.

ದೊಡ್ಡಪ್ಪನನ್ನು ಸ್ಟ್ರೆಚರಿಗೆ ಮಲಗಿಸಿದರು. ಕೈ ಮುಗಿದೆ. ಮುಗಿದ ಕೈಗಳನ್ನೇ ನೋಡುತ್ತ ನಿಂತುಬಿಟ್ಟೆ. ಸೂರ್ಯನ ಕಿರಣ. ಸರ್ಕಾರದ ತೆರಿಗೆ. ನನ್ನ ಕೈ. ಮೂರಕ್ಕೂ ಒಂದೇ ಪದ.

"ಕರ, ದೊಡ್ಡಪ್ಪ," ಎಂದೆ.

ಸರಿಯೋ ತಪ್ಪೋ, ಯಾರೂ ಹೇಳಲಿಲ್ಲ.