ನಿಮ್ಮ ಹಲ್ಲು ನಮ್ಮ ಹತ್ರ ಇದೆ

"ಹಲೋ... ನಿಮ್ಮ ಹಲ್ಲು ನಮ್ಮ ಹತ್ರ ಇದೆ. ಬಂದು ತಗೊಂಡು ಹೋಗಿ."

"ಏನಂದ್ರಿ?"

"ಹಲ್ಲು ಸರ್. ಮೇಲಿನದು, ಕೆಳಗಿನದು ಎರಡೂ ಇದೆ. ಐದು ಗಂಟೆ ಒಳಗೆ ಬರದಿದ್ರೆ ಆಮೇಲೆ ನಾವು ಜವಾಬ್ದಾರರಲ್ಲ."

"ಯಾರಿಗೆ ಧಮಕಿ ಹಾಕ್ತಿದ್ದೀರಿ? ನನ್ನ ಹಲ್ಲು ನನ್ನ ಬಾಯಲ್ಲೇ ಇದೆ. ಯಾರು ಉದುರಿಸ್ತಾರೋ ನಾನೂ ನೋಡ್ತೀನಿ."

ಫೋನ್ ಕಟ್ಟಾಯಿತು.

ಪಾಪ, ಅವಳು ತಪ್ಪಾಗಿ ಹೇಳಿದ್ದಾದರೂ ಏನು? ಬಸ್ ನಿಲ್ದಾಣದಲ್ಲಿ ಹಳೇ ಟೈರು ಪೇರಿಸಿಟ್ಟ ಗೋದಾಮಿನ ಪಕ್ಕದ ಕಿರುಕೋಣೆಯೇ ಅವಳ ಕಚೇರಿ. ಜನ ಬಸ್ಸಿನಲ್ಲಿ ಮರೆತು ಇಳಿದದ್ದೆಲ್ಲ ಅಲ್ಲಿಗೆ ಬರುತ್ತದೆ. ಕೊಡೆ, ಕನ್ನಡಕ, ಊರುಗೋಲು, ಒಂಟಿ ಚಪ್ಪಲಿ. ಅಂದು ಬಂದದ್ದು ಒಂದು ಡಬ್ಬಿ. ಒಳಗೆ ಹತ್ತಿಯ ಮೇಲೆ ಒಂದು ಸೆಟ್ಟು ಹಲ್ಲು, ಮುಚ್ಚಳದ ಮೇಲೆ ಒಂದು ಫೋನ್ ನಂಬರು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು, ಅಷ್ಟೇ.

ಅದು ಅವಳ ಮೊದಲ ಕೆಲಸ. ಅದೂ ತಾತ್ಕಾಲಿಕ. "ಸಾಮಾನು ಕೇಳ್ಕೊಂಡು ಯಾರೂ ಬರಲ್ಲ. ತಿಂಗಳ ಕೊನೆಗೆ ಕಪಾಟು ಖಾಲಿ ಆಗದಿದ್ರೆ ಕೋಣೆಗೆ ಬೀಗ, ನೀನು ಮನೆಗೆ" ಎಂದು ಸಾಹೇಬರು ಒಂದು ಹೊಸ ಫೋನು ಕೈಗಿಟ್ಟಿದ್ದರು. ಮನೆಯಲ್ಲಿ ಅಣ್ಣ ಬೇರೆ, "ಒಂದು ತಿಂಗಳು, ಆಮೇಲೆ ನೋಡು ಮನೇಲೇ ಕೂರ್ತಾಳೆ" ಎಂದು ಅತ್ತಿಗೆಯ ಹತ್ತಿರ ಪಂಥ ಕಟ್ಟಿದ್ದ.

ಮರುದಿನ ಟಿಕೆಟ್ ಬುಕ್ ಮಾಡಿದವರ ನಂಬರಿನ ಪಟ್ಟಿ ಹಿಡಿದು ನಲವತ್ತು ಜನಕ್ಕೆ ಫೋನ್ ಮಾಡಿದಳು. ಒಬ್ಬರೂ ಎತ್ತಲಿಲ್ಲ. ಅದರ ಮರುದಿನವೂ ಇಲ್ಲ.

"ನನ್ನ ಫೋನಿಗೆ ಮಾಡು ನೋಡೋಣ" ಎಂದರು ಟಿಕೆಟ್ ಕೌಂಟರಿನ ಅಕ್ಕ. ಮಾಡಿದಳು. ಅಕ್ಕನ ಫೋನಿನಲ್ಲಿ ಕೆಂಪು ಅಕ್ಷರ ಮೂಡಿತು: 'ಹಲ್ಲು ಬೆದರಿಕೆ. ಎತ್ತಬೇಡಿ.'

"ಇದ್ಯಾರಕ್ಕ ಬರೆದಿದ್ದು?"

"ಗೊತ್ತಿಲ್ಲದ ನಂಬರ್ ಬಂದ್ರೆ ಯಾರದು ಅಂತ ಹೇಳೋ ಆ್ಯಪ್ ಕಣೇ ಇದು. ಜನ ಏನು ಬರೀತಾರೋ ಅದನ್ನೇ ತೋರಿಸುತ್ತೆ. ಒಬ್ಬ ಬರೆದ, ಉಳಿದೋರು ಕಣ್ಮುಚ್ಚಿ ಹೌದು ಅಂದ್ರು."

ಅವಳು ಫೋನನ್ನು ಮೇಜಿಗೆ ಕುಕ್ಕಿದಳು. 'ಸಿಗಲಿ ಆ ಪುಣ್ಯಾತ್ಮ... ನಿಜವಾಗಿ ಉದುರಿಸ್ತೀನಿ.'

ಮೂರನೇ ದಿನ ಸಿಕ್ಕಿದ. ತಾನಾಗಿಯೇ ಬಂದ.

"ಮೇಡಂ, ಒಂದು ಡಬ್ಬಿ ಕಳೆದಿದೆ..."

ದನಿ ಕೇಳಿದ ಕೂಡಲೇ ಅವಳು ತಲೆ ಎತ್ತಿದಳು. ಎಣ್ಣೆ ಕಾಣದ ಕೂದಲು, ಶರ್ಟಿನ ತೋಳಿನ ಮೇಲೆ ಬಿಳಿ ಪುಡಿ, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು.

"ಹಲ್ಲಾ?" ಎಂದಳು.

ಅವನ ಮುಖ ಬಿಳಿಚಿಕೊಂಡಿತು. "ಅವತ್ತು ಫೋನ್ ಮಾಡಿದ್ದು..."

"ನಾನೇ. ಉದುರಿಸೋರು ಯಾರು ಅಂತ ನೋಡ್ಬೇಕು ಅಂದಿದ್ರಲ್ಲ, ನೋಡ್ಕೊಳ್ಳಿ."

ಅವನು ಹಲ್ಲಿನ ಸೆಟ್ಟು ಕಟ್ಟುವವನು. ಡಬ್ಬಿಯಲ್ಲಿದ್ದದ್ದು ಅವನ ತಾತನ ಹಲ್ಲು. ಬಸ್ಸಿನಿಂದ ಇಳಿಯುವ ಗಡಿಬಿಡಿಯಲ್ಲಿ ಫೋನು ಬಿದ್ದು ಅರ್ಧ ಪರದೆ ಕಪ್ಪಾಗಿತ್ತು, ಅದನ್ನು ಎತ್ತಿಕೊಳ್ಳುವ ಭರದಲ್ಲಿ ಡಬ್ಬಿ ಸೀಟಿನಲ್ಲೇ ಉಳಿದಿತ್ತು. ಅವಳು ಫೋನ್ ಮಾಡಿದಾಗ ಅವನಿಗದು ಗೊತ್ತೇ ಇರಲಿಲ್ಲ.

"ತಾತ ಮೂರು ದಿನದಿಂದ ಹಾಲಿಗೆ ನೆನೆಸಿದ ಬ್ರೆಡ್ ತಿಂತಿದ್ದಾರೆ ಮೇಡಂ. ನನ್ನನ್ನ ಬಾಯ್ತುಂಬ ಬಯ್ಯೋಕೂ ಆಗ್ತಿಲ್ಲ ಅವರಿಗೆ."

ಅವಳಿಗೆ ನಗು ತಡೆಯಲಾಗಲಿಲ್ಲ. ಆದರೆ ಕಪಾಟಿನ ಕಡೆ ನೋಡಿದ ಕೂಡಲೇ ನಗು ಇಂಗಿತು. "ನಿಮಗೆ ಹಲ್ಲು ಸಿಕ್ತು. ನನಗೆ ಕೆಲಸ ಹೋಗುತ್ತೆ" ಎಂದು ಎಲ್ಲವನ್ನೂ ಹೇಳಿದಳು.

ಅವನು ಅಲ್ಲೇ ನಿಂತು ತಾನು ಬರೆದದ್ದನ್ನು ಅಳಿಸಿದ. ಆದರೆ ಅಷ್ಟರಲ್ಲಿ ಇನ್ನೂ ಹತ್ತೊಂಬತ್ತು ಜನ ಅದನ್ನೇ ಒತ್ತಿದ್ದರು.

"ಹಾಳು ಮಾಡಿದ್ದು ನಾನು. ಸರಿ ಮಾಡೋದೂ ನಾನೇ" ಎಂದ.

ಬರೀ ಮಾತು ಎಂದುಕೊಂಡಳು. ಊಹ್ಞೂಂ. ಅಂದಿನಿಂದ ದಿನಾ ಸಂಜೆ ನಾಲ್ಕಕ್ಕೆ ಬಂದ. ಅವಳ ಪಟ್ಟಿ ಹಿಡಿದು ತನ್ನ ಫೋನಿನಿಂದ ಒಬ್ಬೊಬ್ಬರಿಗೇ ಮಾಡಿದ. ಸಾಮಾನು ಒಯ್ಯಲು ಬಂದವರನ್ನೆಲ್ಲ ಬಾಗಿಲಲ್ಲೇ ಅಡ್ಡಗಟ್ಟಿ, "ಈ ನಂಬರನ್ನ 'ಕಳೆದದ್ದು ಸಿಕ್ಕಿದೆ' ಅಂತ ಸೇವ್ ಮಾಡ್ಕೊಳ್ಳಿ. ನನ್ನೆದುರೇ ಮಾಡಿ" ಎಂದು ಕಾಡಿದ. ಊರುಗೋಲಿನ ಅಜ್ಜಿಗಂತೂ ತಾನೇ ಟೈಪ್ ಮಾಡಿಕೊಟ್ಟ.

ಕಪಾಟು ಖಾಲಿಯಾಗುತ್ತಾ ಬಂತು. ಮೂರೂವರೆ ಆಗುತ್ತಲೇ ಅವಳ ಕಣ್ಣು ಬಾಗಿಲಿಗೆ ಹೋಗತೊಡಗಿತು. ಟಿಕೆಟ್ ಕೌಂಟರಿನ ಅಕ್ಕ ಗಂಟಲು ಸರಿಮಾಡಿಕೊಂಡರೂ ನಾಚಿಕೆಯಾಗುತ್ತಿತ್ತು.

'ಇವರು ಬರೋದು ತಪ್ಪು ತಿದ್ದೋಕಷ್ಟೇನಾ... ಅಥವಾ...?'

ಒಂದು ಸಂಜೆ ಅವನ ಫೋನು ಕೊಡೆಗಳ ರಾಶಿಯಲ್ಲಿ ಎಲ್ಲೋ ಸೇರಿಕೊಂಡಿತು. ಹುಡುಕಲೆಂದು ಅವಳು ರಿಂಗ್ ಕೊಟ್ಟಳು. ಕೊಡೆ ಸರಿಸಿ ಕೈಗೆತ್ತಿಕೊಂಡಳು. ಪರದೆಯ ಮೇಲೆ ಅವಳ ನಂಬರಿನ ಹೆಸರು ಬೆಳಗುತ್ತಿತ್ತು.

'ಎತ್ತ'

ಅಷ್ಟೇ. ಉಳಿದದ್ದು ಬಿದ್ದು ಕಪ್ಪಾಗಿದ್ದ ಅರ್ಧ ಪರದೆಯೊಳಗೆ.

ಉಳಿದದ್ದು ಓದಬೇಕೇ? ಎತ್ತಬೇಡ. ಇನ್ನೇನಿರುತ್ತೆ? ಊರವರ ಕೈಲೆಲ್ಲ ಹೆಸರು ಬದಲು ಮಾಡಿಸಿದವನು ತನ್ನದನ್ನು ಬದಲಾಯಿಸಿಲ್ಲ. ಅವಳು ಫೋನನ್ನು ಅವನತ್ತ ಚಾಚಿದಳು.

"ತಗೊಳ್ಳಿ. ನಾಳೆಯಿಂದ ಬರೋದು ಬೇಡ. ಇನ್ನೇನು ಎಲ್ಲ ಮುಗೀತಲ್ಲ" ಎಂದಳು.

"ಯಾಕೆ ಮೇಡಂ? ನಾನೇನಾದ್ರೂ..."

"ಬೇಡ ಅಂದ್ನಲ್ಲ."

ನಾಲ್ಕು ದಿನ ಅವನ ಕರೆಗಳು ಬಂದವು. ಅವಳು ಹಲ್ಲು ಕಚ್ಚಿ ಕೂತಳು, ಎತ್ತಲಿಲ್ಲ. ಮನೆಗೆ ಹೋಗಿ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿಕೊಂಡು ಅತ್ತಳು.

ತಿಂಗಳ ಕೊನೆಯ ದಿನ ಸಾಹೇಬರು ಬೀಗ ಹಿಡಿದೇ ಬಂದರು. ಕಪಾಟು ತೆರೆದರು. ಒಂಟಿ ಚಪ್ಪಲಿಯೊಂದು ಬಿಟ್ಟರೆ ಪೂರ್ತಿ ಖಾಲಿ. ನಂಬಲಾಗದೆ ತಮ್ಮ ಫೋನಿಗೆ ಅವಳ ಕೈಲೇ ಕರೆ ಮಾಡಿಸಿದರು.

ಪರದೆಯಲ್ಲಿ ಹಸಿರು ಅಕ್ಷರ ಮೂಡಿತು: 'ಕಳೆದದ್ದು ಸಿಕ್ಕಿದೆ.' ಕೆಳಗೆ, ಅರವತ್ತೆರಡು ಜನ ಹೌದು ಎಂದಿದ್ದಾರೆ.

"ಭಲೇ" ಎಂದರು ಸಾಹೇಬರು. ಬೀಗವನ್ನು ಜೇಬಿಗೆ ಇಳಿಸಿದರು. "ಕೋಣೆ ಇರುತ್ತೆ. ನೀನೂ ಇರ್ತೀಯ. ನಾಳೆ ಬಂದು ಕಾಯಂ ಆದೇಶ ತಗೋ."

ಗೆದ್ದಿದ್ದಳು. ಅಣ್ಣನ ಮುಖ ನೋಡಲು ಈಗಲೇ ಓಡಬೇಕು ಅನ್ನಿಸಿತು. ಆದರೆ ಆ ಅರವತ್ತೆರಡು ಜನರನ್ನು ಬಾಗಿಲಲ್ಲಿ ಅಡ್ಡಗಟ್ಟಿದವನು ಯಾರು ಎಂದು ನೆನಪಾಗಿ ಕಣ್ಣು ತುಂಬಿತು.

ಆಗ ಫೋನು ರಿಂಗಾಯಿತು. ಗೊತ್ತಿಲ್ಲದ ನಂಬರು. ಅಕ್ಕ ಹಾಕಿಕೊಟ್ಟಿದ್ದ ಆ್ಯಪು ಹೆಸರು ತೋರಿಸಿತು: 'ತಾತ.'

ಯಾರ ತಾತ? ಯಾರದಾದರೇನು, ಗೊತ್ತಿಲ್ಲದ ನಂಬರು ಎತ್ತುವುದೇ ಅವಳ ಕೆಲಸ.

"ಹಲೋ, ಏನು ಕಳೆದಿದೆ ಹೇಳಿ."

"ನನ್ನ ಫೋನ್ ಎತ್ತುತ್ತಿದ್ದ ಒಬ್ರು ಕಳೆದುಹೋಗಿದ್ದಾರೆ ಮೇಡಂ."

ಅವನ ದನಿ. ಅವಳು ಸಿಕ್ಕ ಸಾಮಾನು ಬರೆಯುವ ರಿಜಿಸ್ಟರು ತೆರೆದು ಪೆನ್ನು ಹಿಡಿದಳು.

"ಗುರುತು ಹೇಳಿ."

"ಬೇಗ ಸಿಟ್ಟು ಬರುತ್ತೆ. ಯಾಕೆ ಅಂತ ಹೇಳಲ್ಲ. ನಕ್ಕರೆ ಮೇಲಿನ ಸಾಲಲ್ಲಿ ಒಂದು ಹಲ್ಲು ಸೊಟ್ಟ. ಎಷ್ಟೋ ಹಲ್ಲು ನೋಡಿದೀನಿ, ಅದೊಂದನ್ನ ಮಾತ್ರ ಸರಿ ಮಾಡ್ಬೇಕು ಅನ್ನಿಸಿಲ್ಲ."

"ನಿಮ್ಮ ಫೋನಲ್ಲಿ ನಾನು 'ಎತ್ತಬೇಡ' ಅಲ್ವಾ?"

ಆ ಕಡೆ ನಗು. ನಗು ಫೋನಿನಲ್ಲೂ ಕೇಳಿತು, ಬಾಗಿಲಲ್ಲೂ ಕೇಳಿತು. ತಾತನ ಫೋನು ಕಿವಿಗಿಟ್ಟುಕೊಂಡೇ ಅವನು ಒಳಗೆ ಬಂದ. ಇನ್ನೊಂದು ಕೈಯಲ್ಲಿ ಅವನದೇ ಫೋನು, ಹೊಸ ಪರದೆ.

"ರಿಂಗ್ ಕೊಡಿ."

ಕೊಟ್ಟಳು. ಈ ಸಲ ಪೂರ್ತಿ ಕಂಡಿತು.

'ಎತ್ತಲೇಬೇಕು.'

"ತಾತನ ಹಲ್ಲು ಸಿಕ್ಕ ದಿನವೇ ಬರ್ಕೊಂಡಿದ್ದು. ಮೊದಲ ಸಲ ಕಟ್ ಮಾಡಿ ತಪ್ಪು ಮಾಡಿದ್ದೆ. ಇನ್ನೊಂದು ಸಲ ಮಾಡಬಾರ್ದು ಅಂತ. ಆಮೇಲೆ... ನಿಮ್ಮ ಫೋನ್ ಯಾವಾಗ ಬರುತ್ತೋ ಅಂತ ಕಾಯೋದೇ ಕೆಲಸ ಆಯ್ತು. ನೀವಂದ್ರೆ ನನಗೆ ಪ್ರಾಣ ಮೇಡಂ."

ಅವಳ ಕಣ್ಣೀರು ಸುರಿಯಿತು, ನಗುವೂ ಬಂತು. ಸೊಟ್ಟ ಹಲ್ಲು ಕಂಡಿತು. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ.

"ನನಗೂ... ಮೂರೂವರೆ ಆದ್ರೆ ಬಾಗಿಲು ನೋಡೋ ಚಟ. ಆದ್ರೆ ಇನ್ಮೇಲೆ ನನ್ನ ಫೋನ್ ಕಟ್ ಮಾಡಿದ್ರೆ ನಿಜವಾಗಿ ಹಲ್ಲು ಉದುರಿಸ್ತೀನಿ."

"ಉದುರಿಸಿ."

"ಹೌದು ಬಿಡಿ, ಕಟ್ಟೋಕೆ ಬರುತ್ತಲ್ಲ ನಿಮಗೆ."

"ಹಲ್ಲು ಕಟ್ಟೋಕೆ ಬರುತ್ತೆ" ಎಂದ ಅವನು, ಮೆಲ್ಲಗೆ. "ನಿಮ್ಮನ್ನ ಕಟ್ಕೊಳ್ಳೋಕೆ ಮಾತ್ರ ನೀವು ಹೂಂ ಅನ್ಬೇಕು."

ಅವಳು ರಿಜಿಸ್ಟರು ಅವನ ಕಡೆ ತಿರುಗಿಸಿ, ಪೆನ್ನು ಕೊಟ್ಟಳು.

"ಹೂಂ. ಸಿಕ್ಕಿದೆ ಅಂತ ಬರೆದು ಸಹಿ ಹಾಕಿ."