ಮಾನಮ್ಮನ ಹೆಸರಿನ ಅಚ್ಚು

ನಮ್ಮ ಡಾಕ್ಟರಮ್ಮನಿಗೆ ಇಂಗ್ಲಿಷ್ ಬರುತ್ತಿತ್ತು, ತಮಿಳು ಬರುತ್ತಿತ್ತು. ಕನ್ನಡದಲ್ಲಿ ‘ಬಾಯಿ ತೆಗೀರಿ’, ‘ಉಗೀರಿ’ ಎರಡೇ. ಉಳಿದದ್ದಕ್ಕೆಲ್ಲ ‘ರೇವತಿ, ಎಕ್ಸ್‌ಪ್ಲೇನ್’ ಎಂದು ನನ್ನ ಕಡೆ ತಿರುಗುತ್ತಿದ್ದರು. ಪುಲಿಕೇಶಿನಗರದ ಆ ಪುಟ್ಟ ಕ್ಲಿನಿಕ್ಕಿನಲ್ಲಿ, ಪ್ಲಾಕ್ ಎಂದರೆ ಹಲ್ಲಿನ ಮೇಲೆ ದಿನಾ ಕೂರುವ ಅಂಟು, ಅದೇ ಗಟ್ಟಿಯಾದರೆ ಟಾರ್ಟರ್, ಕ್ಯಾವಿಟಿ ಎಂದರೆ ಹುಳುಕಾಗಿ ಬಿದ್ದ ತೂತು ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಸ್ವಲ್ಪ ಜಂಬವೂ ಇತ್ತು. ಅಷ್ಟೆಲ್ಲ ಬಲ್ಲವಳು ಲಕ್ಷ್ಮಿಕಾಂತನಿಗೆ ಒಂದು ನಿಜ ಹೇಳಲಾರದೆ ಹೋದೆ.

೧೯೯೯ರ ದೀಪಾವಳಿ ಮುಗಿದ ವಾರ ಅವನು ಬಂದ. ಯಾದಗಿರಿ ಕಡೆಯವನು, ಟೈಲ್ಸ್ ಕೂರಿಸುವ ಕೆಲಸ, ಕೆ.ಆರ್. ಪುರದಲ್ಲಿ ಬಾಡಿಗೆ ರೂಮು. ಅವನ ಹೆಂಡತಿ ಮಾನಮ್ಮ ಶಿವಾಜಿನಗರದ ಟೈಲರ್ ಅಂಗಡಿಗೆ ಕೈಹೊಲಿಗೆ ಮಾಡಿಕೊಡುತ್ತಿದ್ದಳು. ಜೂನಿನಲ್ಲಿ ನಮ್ಮಲ್ಲಿಗೆ ಕ್ಯಾಪ್ ಹಾಕಿಸಿಕೊಳ್ಳಲು ಬಂದಿದ್ದಳು. ಕ್ಯಾಪ್ ಎಂದರೆ ಬಲ ಹೋದ ಹಲ್ಲಿಗೆ ತೊಡಿಸುವ ಗಟ್ಟಿ ಕವಚ. ಅದಕ್ಕೆ ಬಾಯಿಯ ಅಳತೆ ತೆಗೆದು ಬಿಳಿ ಪ್ಲಾಸ್ಟರಿನಲ್ಲಿ ಅಚ್ಚು ಮಾಡುತ್ತೇವೆ. ಒಂದು ಲ್ಯಾಬಿಗೆ, ಒಂದು ನಮ್ಮ ಶೆಲ್ಫಿಗೆ. ಕ್ಯಾಪ್ ಬರುವ ಮೊದಲೇ ಅವಳು ಜ್ವರದಲ್ಲಿ ತೀರಿಕೊಂಡಿದ್ದಳು.

ಅವನು ಆ ಅಚ್ಚನ್ನು ಕೇಳಲು ಬಂದಿದ್ದ. ಮದುವೆಯ ಒಂದೇ ಒಂದು ಫೋಟೋದಲ್ಲಿ ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಿದ್ದಾಳಂತೆ. ಅವಳ ನಗು ಎಲ್ಲೂ ಉಳಿದಿಲ್ಲ ಎಂದ.

“ಆ ಅಚ್ಚು ನಿಮ್ಮಲ್ಲಿ ಅದ ಅಲ್ರಿ, ಮೇಡಂ?”

ಇರಲಿಲ್ಲ. ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ ಹಳೆಯ ಅಚ್ಚುಗಳನ್ನು ಗೋಣಿಚೀಲಕ್ಕೆ ತುಂಬಿ ಎಸೆದು, ಶೆಲ್ಫು ಒರೆಸಿ, ಆಮೇಲೆ ಕುರ್ಚಿಗೆ ಕುಂಕುಮ ಹಚ್ಚುವುದು ನಮ್ಮ ಪದ್ಧತಿ. ಈ ಸಲ ಎಸೆದವಳು ನಾನೇ. ಅವನ ಮುಖ ನೋಡಿ, ಇರಿ ತರ್ತೀನಿ ಎಂದೆ. ಒಳಗೆ ಹೋದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಳತೆ ತೆಗೆಯುವುದನ್ನು ಕಲಿಸಲು ಡಾಕ್ಟರಮ್ಮ ನನ್ನದೇ ಬಾಯಿಯಿಂದ ಮಾಡಿದ ಅಚ್ಚು ಡ್ರಾಯರಿನಲ್ಲಿತ್ತು. ಅದರ ತಳದಲ್ಲಿ ಪೆನ್ಸಿಲ್ಲಿನಿಂದ ‘ಮಾನಮ್ಮ’ ಎಂದು ಬರೆದು, ಹತ್ತಿಯಲ್ಲಿ ಸುತ್ತಿ ಕೊಟ್ಟುಬಿಟ್ಟೆ. ಕರುಣೆ ಎಂದುಕೊಂಡೆ, ನನ್ನ ಕರ್ಮ.

ಅವನು ಹತ್ತಿಯ ಸಂದಿಯಲ್ಲೇ ಬೆರಳಿಟ್ಟು ಹಲ್ಲಿನ ಸಾಲನ್ನು ಮೆಲ್ಲಗೆ ಸವರಿದ. ನನ್ನ ತುಟಿ ಜುಮ್ಮೆಂದಿತು. ಬಾಯಿ ಬಿಗಿದುಕೊಂಡು ನಿಂತೆ.

ಜನವರಿಯಲ್ಲಿ ಅವನಿಗೇ ದವಡೆ ನೋವು ಬಂತು. ರೂಟ್ ಕೆನಾಲ್, ನಾಲ್ಕು ಸೋಮವಾರ. ಹಲ್ಲಿನೊಳಗಿನ ನರ ತೆಗೆದು, ಶುಚಿ ಮಾಡಿ, ಜಾಗ ತುಂಬುತ್ತಾರೆ; ಆಮೇಲೆ ಆ ಹಲ್ಲಿಗೆ ಬಿಸಿ, ತಂಪು ಏನೂ ತಾಗುವುದಿಲ್ಲ ಎಂದು ವಿವರಿಸಿದೆ.

“ಅಂದ್ರ ಸತ್ತ ಹಲ್ಲು. ಸತ್ರೂ ಜಾಗ ಬಿಡಂಗಿಲ್ಲೇನ್ರಿ?”

“ಬಿಡಲ್ಲ ರೀ. ಚೆನ್ನಾಗಿ ನೋಡ್ಕೊಂಡ್ರೆ ಎಷ್ಟೋ ವರ್ಷ ಇರುತ್ತೆ.”

ಪ್ರತಿ ಸಲವೂ ಇಂಜೆಕ್ಷನ್ನಿಗೆ ಬಾಯಿ ಮರಗಟ್ಟಿದ್ದು ಇಳಿಯುವವರೆಗೆ ಹೊರಗಿನ ಬೆಂಚಿನಲ್ಲಿ ಕೂತು, ಗೋಡೆಯ ಚಾರ್ಟು ತೋರಿಸಿ ಒಂದೊಂದೇ ಪದ ಕೇಳುತ್ತಿದ್ದ. ಎನಾಮಲ್ ಎಂದರೆ ಹಲ್ಲಿನ ಹೊಳೆಯುವ ಮೇಲ್ಪದರ ಎಂದೆ. ಅದು ಹೋದರೆ ಮತ್ತೆ ಬರುತ್ತದಾ ಎಂದ. ಇಲ್ಲ ಎಂದೆ. ಉತ್ತರ ಕೇಳುವಾಗ ಅವನ ನೋಟ ನನ್ನ ಬಾಯಿಯ ಮೇಲೇ ಇರುತ್ತಿತ್ತು. ಅರ್ಧ ತುಟಿಯಲ್ಲಿ ನಗುವವರನ್ನು ನೋಡಿದರೆ ನನಗೂ ನಗು ಬರುತ್ತೆ ಎಂದು ಛೇಡಿಸಿದರೆ, ಉಳಿದರ್ಧ ಮುಂದಿನ ವಾರಕ್ಕೆ ಎನ್ನುತ್ತಿದ್ದ. ನಾನು ಅವನನ್ನು ಪ್ರೀತಿಸತೊಡಗಿದೆ. ಸೋಮವಾರ ಬಂತೆಂದರೆ ಹೂ ಮುಡಿಯುವ ಮಗಳನ್ನು ನೋಡಿ ಹಲಸೂರಿನ ಮನೆಯಲ್ಲಿ ಅಮ್ಮ ಹುಬ್ಬೇರಿಸಿದಳು.

ಆದರೆ ಅಚ್ಚನ್ನು ಗೋಡೆಯ ಗೂಡಿನಲ್ಲಿಟ್ಟು, ಸಂಜೆ ದೀಪ ಹಚ್ಚಿ, ದಿನದ ಸುದ್ದಿಯನ್ನೆಲ್ಲ ಅದಕ್ಕೆ ಹೇಳುತ್ತೇನೆ ಎಂದು ಒಮ್ಮೆ ಅವನೇ ಹೇಳಿದ. ಅಂದಿನಿಂದ ದೀಪದ ಹೊತ್ತಾಗುತ್ತಲೇ ನನ್ನ ದವಡೆ ತಣ್ಣಗಾಗುತ್ತಿತ್ತು. ನನ್ನ ಬಾಯಿಯ ಮುಂದೆ ಕೂತು ಯಾರೋ ಸತ್ತವಳನ್ನು ಕರೆದಂತೆ. ಹಲ್ಲುಜ್ಜುವಾಗ ಕನ್ನಡಿಯಲ್ಲಿ ಬೆನ್ನ ಹಿಂದೆ ಇನ್ನೊಬ್ಬಳು ನಿಂತಂತೆ. ತಿರುಗಿದರೆ ನೇತುಹಾಕಿದ ಟವಲ್ಲು.

ಮೂರನೆಯ ವಾರ, ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಿಂದ ಬಿಲ್ಕೀಸ್ ಎಂಬ ಹೊಲಿಗೆಯಾಕೆ ಬಂದಳು. ಮುಂದಿನ ಹಲ್ಲಿನ ಅಂಚಿನಲ್ಲಿ ಸಣ್ಣ ಕಚ್ಚು. ಡಾಕ್ಟರಮ್ಮ ಅಬ್ರೇಶನ್ ಎಂದರು. ಒಂದೇ ಜಾಗ ಉಜ್ಜಿ ಉಜ್ಜಿ ಹಲ್ಲು ಸವೆಯುವುದು, ನೀವು ದಾರವನ್ನು ಹಲ್ಲಿನಲ್ಲೇ ಕಡಿಯುತ್ತೀರಲ್ಲ ಎಂದು ತಿಳಿಸಿದೆ. ಸೂಜಿ ಹಿಡಿದವರಿಗೆಲ್ಲ ಇದು ಇದ್ದದ್ದೇ ಎಂದು ಅವಳು ನಕ್ಕಳು. ಮಾನಮ್ಮನೂ ಸೂಜಿ ಹಿಡಿದವಳೇ. ನನ್ನ ಮುಂದಿನ ಹಲ್ಲುಗಳು ಸ್ಕೇಲಿಟ್ಟು ಗೆರೆ ಎಳೆದಷ್ಟು ನೇರ.

ಕೊನೆಯ ಸೋಮವಾರ ಟ್ರೀಟ್‌ಮೆಂಟ್ ಮುಗಿಯಿತು. ಇನ್ನವನು ಬರಬೇಕಿರಲಿಲ್ಲ. ಬೆಂಚಿನಲ್ಲಿ ಅವನ ಪಕ್ಕ ಕೂತೆ.

“ಅದು ನನ್ನ ಬಾಯಿ ರೀ. ಅವರದ್ದನ್ನ ನಾನೇ ಎಸೆದ್ಬಿಟ್ಟೆ.”

ಅವನು ತಲೆಯಾಡಿಸಿದ. “ಗೊತ್ತಿತ್ರಿ. ಅವತ್ತು ಬಸ್ಸಿನಾಗ ಹತ್ತಿ ಬಿಚ್ಚಿದಾಗೇ ಗೊತ್ತಾಯ್ತು. ಆಕಿ ಹಲ್ಲಿನ್ಯಾಗ ದಾರದ ಗುರುತಿತ್ತು.”

ಮತ್ತೆ ಯಾಕೆ ವಾಪಸು ತರಲಿಲ್ಲ ಎಂದೆ. ತರಬೇಕೆಂದೇ ಇದ್ದನಂತೆ. ಇದು ಅವಳದಲ್ಲ, ಅವಳದು ಹೀಗಿತ್ತು, ಹಾಗಿತ್ತು ಎಂದು ದಿನಾ ನೋಡುತ್ತಾ, ಮಸುಕಾಗುತ್ತಿದ್ದ ಅವಳ ಮುಖ ಪೂರ್ತಿ ಮರಳಿ ಬಂತಂತೆ.

“ಈಗ ಕನಸಿನ್ಯಾಗ ಬರ್ತಾಳ್ರಿ. ಮಾತಾಡ್ತಾಳ. ಬಾಯಿ ಮಾತ್ರ ನಿಮ್ದಿರ್ತದ.”

ನನಗೆ ಭಯವೂ ಆಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ, ಸಂತೋಷವೂ ಆಯಿತು.

“ಆಕಿನ್ನ ಬಿಡ್ಲಿಕ್ಕೆ ಆಗಲ್ರಿ, ಮೇಡಂ. ನಿಮ್ಮನ್ನೂ ಬಿಡ್ಲಿಕ್ಕೆ ಆಗಂಗಿಲ್ಲ.”

“ಹಾಗಾದ್ರೆ ಮೇಡಂ ಅನ್ಬೇಡಿ. ರೇವತಿ ಅನ್ನಿ.”

ಅನ್ನುವ ಮೊದಲು ಅವನು ಬೆಂಚಿನ ಇನ್ನೊಂದು, ಖಾಲಿ ಪಕ್ಕಕ್ಕೆ ತಿರುಗಿ ನೋಡಿದ, ಅಲ್ಲಿ ಕೂತವಳನ್ನು ಒಂದು ಮಾತು ಕೇಳುವವನ ಹಾಗೆ. ಆಮೇಲೆ ನನ್ನ ಹೆಸರು ಹೇಳಿದ. ನಾನು ಗೋಡೆಯವರೆಗೂ ಸರಿದು ಅವನನ್ನು ಹತ್ತಿರ ಕರೆದೆ. ಅವನ ಆಚೆಗೆ ಇನ್ನೊಬ್ಬಳು ಕೂರುವಷ್ಟು ಜಾಗವಾಯಿತು.