ಗುಮ್ಮನಗುಸಕನ ಕೆಂಪು ಪೆನ್ಸಿಲ್

"ಏನ್ರೀ ಅಂದ್ಕೊಂಡಿದ್ದೀರಾ ನೀವು? ನಿಮಗೆ ಮಾಡೋಕೆ ಬೇರೆ ಕೆಲಸ ಇಲ್ವಾ?"

ನಕ್ಷೆಯ ಸುರುಳಿ ಮೇಜಿನ ಮೇಲೆ ದಪ್ಪೆಂದು ಬಿತ್ತು. ಪೆನ್ಸಿಲ್ ಡಬ್ಬಿ ಉರುಳಿ, ಕೆಂಪು ಪೆನ್ಸಿಲ್‌ಗಳೆಲ್ಲ ನೆಲದ ಪಾಲಾದವು. ನಗರ ಯೋಜನಾ ಕಚೇರಿಯ ಎರಡನೇ ಮಹಡಿಯಲ್ಲಿ ಅರ್ಧಕ್ಕರ್ಧ ಜನ ಕೆಲಸ ಬಿಟ್ಟು ತಿರುಗಿ ನೋಡಿದರು.

ಹಾಗೆ ಕೂಗಿದವಳು ವೃತ್ತಿಯಲ್ಲಿ ಆರ್ಕಿಟೆಕ್ಟ್. ಕೋಪ ಸದಾ ಮೂಗಿನ ತುದಿಯಲ್ಲಿ. ಅದನ್ನು ನೋಡಿಯೇ ಅವಳಮ್ಮ ಚಿಕ್ಕಂದಿನಲ್ಲಿ ಅವಳಿಗೆ 'ಕೆಂಡ' ಅಂತ ಅಡ್ಡಹೆಸರಿಟ್ಟಿದ್ದಳು.

ಮೇಜಿನ ಆಚೆ ಕೂತಿದ್ದವನು ಪರಿಶೀಲನಾ ಅಧಿಕಾರಿ. ಇಬ್ಬರೂ ಮುಖಾಮುಖಿಯಾಗಿದ್ದು ಇದೇ ಮೊದಲು. ಅವನು ಕೋಪಿಸಿಕೊಳ್ಳಲಿಲ್ಲ. ಬಗ್ಗಿ ಪೆನ್ಸಿಲ್‌ಗಳನ್ನು ಒಂದೊಂದಾಗಿ ಹೆಕ್ಕಿದ.

"ಕೂತ್ಕೊಳ್ಳಿ ಮೇಡಂ."

"ಕೂರೋಕೆ ಬಂದಿಲ್ಲ! ಎರಡು ಸಲ ನನ್ನ ನಕ್ಷೆ ವಾಪಸ್ ಕಳ್ಸಿದ್ದೀರಾ. ಎರಡು ಸಲಾನೂ ಅದೇ ಮಾತು... 'ಉತ್ತರದ ಸಾಲು, ಸ್ಥಳದಲ್ಲಿ ಮತ್ತೆ ನೋಡಿ.' ಏನ್ ನೋಡ್ಬೇಕು ಅಂತ ಬಾಯ್ಬಿಟ್ಟು ಹೇಳೋಕೇನು ಕಷ್ಟ?"

ಅವನ ತುಟಿ ಅಲ್ಲಾಡಿತು. ಇನ್ನೇನು ಹೇಳಿಬಿಟ್ಟ ಅನ್ನುವಷ್ಟರಲ್ಲಿ ತಡೆದುಕೊಂಡ.

"ಆ ಜಾಗಕ್ಕೆ ಹೋಗಿ, ಉತ್ತರಕ್ಕೆ ಮುಖ ಮಾಡಿ ಒಂದು ಸಲ ನಿಂತ್ಕೊಳ್ಳಿ. ಅಷ್ಟೇ."

"ಆ ಜಾಗ ನನಗೆ ಹೇಳ್ಕೊಡ್ತೀರಾ? ನಾನು ಹುಟ್ಟಿ ಬೆಳೆದಿದ್ದೇ ಆ ಬೀದೀಲಿ!"

"ಗೊತ್ತು. ಅದಕ್ಕೇ ಹೇಳ್ತಿದ್ದೀನಿ."

ಅವನ ಕಣ್ಣಲ್ಲಿ ದರ್ಪವಿರಲಿಲ್ಲ... ಬೇರೇನೋ ಇತ್ತು. ಆ 'ಬೇರೇನೋ' ಅವಳನ್ನು ಇನ್ನಷ್ಟು ರೇಗಿಸಿತು.

'ಗುಮ್ಮನಗುಸಕ! ಒಳಗೊಂದು, ಹೊರಗೊಂದು!' ಅಂತ ಮನಸ್ಸಲ್ಲೇ ಬೈದುಕೊಂಡು ದಡದಡ ಮೆಟ್ಟಿಲಿಳಿದಳು. ಕೆಳಗೆ ಬಂದ ಮೇಲೆ ಗೊತ್ತಾಯಿತು, ನಕ್ಷೆ ಬಾಚಿಕೊಂಡು ಬರುವಾಗ ಅವನದೊಂದು ಕೆಂಪು ಪೆನ್ಸಿಲ್ಲೂ ಕೈಗೆ ಬಂದುಬಿಟ್ಟಿದೆ. ಅದನ್ನೂ ಬೈದು ಬ್ಯಾಗಿಗೆ ತುರುಕಿದಳು.

ಅವಳ ಸಿಟ್ಟಿಗೆ ಕಾರಣವಿಲ್ಲದೆ ಇಲ್ಲ. ಎಂಟು ಪುಟ್ಟ ಮನೆಗಳು, ಎರಡು ಸಾಲು, ನಡುವೆ ಒಂದು ಅಂಗಳ. ಅವಳು ಸ್ವಂತವಾಗಿ ಹಿಡಿದ ಮೊದಲ ಕೆಲಸ. "ಮುಂದಿನ ಸಮಿತಿ ಸಭೆಯಲ್ಲಿ ಒಪ್ಪಿಗೆ ಸಿಗದಿದ್ರೆ ಬೇರೆಯವರಿಗೆ ಕೊಡ್ತೀನಮ್ಮ, ತಪ್ಪು ತಿಳ್ಕೋಬೇಡ" ಅಂತ ಜಾಗದ ಮಾಲೀಕರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಈ ಕೆಲಸ ತಪ್ಪಿದರೆ ಮತ್ತೆ ಯಾರದೋ ಆಫೀಸಿನ ಮೂಲೆಯಲ್ಲಿ ಕೂತು ಯಾರದೋ ಗೆರೆ ತಿದ್ದಬೇಕು.

ಆದರೂ ಉತ್ತರಕ್ಕೆ ಮುಖ ಮಾಡಿ ನಿಲ್ಲುವುದು ಅವಳಿಂದ ಆಗುತ್ತಿರಲಿಲ್ಲ. ಯಾಕೆಂದರೆ ಅಲ್ಲಿ ಅಕ್ಕನ ಮನೆಯಿತ್ತು.

ಅಕ್ಕನ ಮನೆ ಅಂದರೆ ಅಮ್ಮನ ಮನೆಯೇ. ಅವಳು ದೂರದ ಊರಿನಲ್ಲಿ ಕೊನೆಯ ವರ್ಷದ ಪರೀಕ್ಷೆ ಬರೆಯುತ್ತಿದ್ದಾಗ ಅಮ್ಮ ಹಾಸಿಗೆ ಹಿಡಿದಿದ್ದಳು. ಫೋನ್ ಮಾಡಿದಾಗಲೆಲ್ಲ ಅಕ್ಕ "ಅಮ್ಮ ಚೆನ್ನಾಗಿದ್ದಾಳೆ, ನೀನು ಓದ್ಕೋ" ಅಂದಳು. ಪರೀಕ್ಷೆ ಮುಗಿಸಿ ಬಂದಾಗ ಅಮ್ಮನಿಗೆ ಮಾತು ನಿಂತುಹೋಗಿತ್ತು. ಮಾರನೇ ದಿನ ಅಮ್ಮನೇ ಇರಲಿಲ್ಲ.

"ನಿನ್ನ ಒಳ್ಳೇದಕ್ಕೇ ಮುಚ್ಚಿಟ್ಟೆ ಕಣೇ" ಅಂದಿದ್ದಳು ಅಕ್ಕ.

ಆ ಮಾತನ್ನು ಅವಳು ಕ್ಷಮಿಸಲೇ ಇಲ್ಲ. ಅಂದು ಆ ಮನೆಯ ಹೊಸಿಲು ದಾಟಿದವಳು ತಿರುಗಿ ಕಾಲಿಟ್ಟಿರಲಿಲ್ಲ.

ವಾರ ಕಳೆಯುವುದರೊಳಗೆ ಕಚೇರಿಯಿಂದ ಫೋನ್ ಬಂತು. ಅದೇ ದನಿ.

"ಮೇಡಂ, ಉತ್ತರದ ಸಾಲಿಗೆ ಕಂಬ ನೆಡಿಸಬೇಕು."

ಅವಳ ಪಿತ್ತ ನೆತ್ತಿಗೇರಿತು! ಕಟ್ಟಡ ಎಷ್ಟು ಎತ್ತರ ಬರುತ್ತದೋ ಅಷ್ಟೇ ಎತ್ತರದ ಕಂಬ ನೆಟ್ಟು, ನಡುವೆ ಉದ್ದಕ್ಕೂ ಬಟ್ಟೆ ಎಳೆದು ಕಟ್ಟಿ, ಬೀದಿಯವರಿಗೆಲ್ಲ ತೋರಿಸುವುದು ಆ ಊರಿನ ಪದ್ಧತಿ. ದೊಡ್ಡ ಕಟ್ಟಡಗಳಿಗೆ ಸರಿ. ಎಂಟು ಪುಟ್ಟ ಮನೆಗೂ ಬೇಕಾ?

"ಬೀದಿ ಜನಾನ ನನ್ನ ಮೇಲೆ ಎತ್ತಿಕಟ್ಟೋ ಪ್ಲಾನಾ ಇದು?"

"ಅಲ್ಲ ಮೇಡಂ. ನೀವು ಬರ್ಲಿ ಅಂತ."

"ಬರ್ತೀನಿ! ಎಲ್ಲರ ಮುಂದೆ ನಿಮ್ಮ ಮಾನ ಕಳೀತೀನಿ!"

ಬಂದಳು. ಪೊದೆಗಳನ್ನೆಲ್ಲ ಕಡಿದು ಜಾಗ ಬೋಳಾಗಿಸಿದ್ದರು. ನಿವೃತ್ತ ಪೋಸ್ಟ್‌ಮಾಸ್ಟರ್ ಕುರ್ಚಿ ಸಮೇತ ಬಂದು ಆಸೀನರಾಗಿದ್ದರು. "ಸಿನಿಮಾ ತೋರ್ಸ್ತಾರಂತೆ, ಪರದೆ ಕಟ್ತಿದ್ದಾರೆ" ಅಂತ ಪಕ್ಕದವರಿಗೆ ಹೇಳುತ್ತಿದ್ದರು. ಅವನು ಒಂದು ಪಕ್ಕದಲ್ಲಿ ನಿಂತಿದ್ದ. ಅವಳನ್ನು ನೋಡಿ ನಗಲೂ ಇಲ್ಲ, ಕಣ್ಣು ತಪ್ಪಿಸಲೂ ಇಲ್ಲ. ಅವಳ ಎದೆ ಯಾಕೋ ಒಂದು ಬಡಿತ ತಪ್ಪಿತು.

'ಸಿಟ್ಟಿಗೆ' ಅಂದುಕೊಂಡಳು.

ಬಟ್ಟೆ ಮೇಲೇರಿತು. ಮಧ್ಯಾಹ್ನದ ಬಿಸಿಲಿಗೆ ಅದರ ನೆರಳು ಓಣಿ ದಾಟಿ ಎದುರಿನ ಗೋಡೆ ಹತ್ತಿತು. ಅವಳು ಬೇರೆ ದಾರಿಯಿಲ್ಲದೆ ಉತ್ತರಕ್ಕೆ ತಿರುಗಿದಳು.

ಆ ಗೋಡೆಯಲ್ಲಿ ಒಂದು ಕಿಟಕಿ! ಅಗಲವಾದ, ಹೊಸ ಕಿಟಕಿ! ಅದರ ಹಿಂದೆ ಹೊಲಿಗೆ ಯಂತ್ರದ ಸದ್ದು ಗಕ್ಕನೆ ನಿಂತಿತು. ನಡು ಮಧ್ಯಾಹ್ನ ಒಳಗಡೆ ಬಲ್ಬು ಹೊತ್ತಿಕೊಂಡಿತು.

'ಅಲ್ಲಿ ಕಿಟಕಿನೇ ಇರ್ಲಿಲ್ಲ... ಅದು ಅಮ್ಮನ ಮಂಚ ಇದ್ದ ಗೋಡೆ...'

ಬೀದಿಯ ಪ್ರತಿಯೊಂದು ಮನೆಗೂ ಟೇಪು ಹಿಡಿದು ಅಳೆದಿದ್ದಳು. ಈ ಒಂದು ಮನೆಯನ್ನು ಮಾತ್ರ ನೆನಪಿನಿಂದ ಬರೆದಿದ್ದಳು. ಹುಟ್ಟಿದ ಮನೆ, ಅಳೆಯೋದೇನು ಅಂತ! ಜಾಗ ನೋಡಲು ಬಂದಾಗಲೆಲ್ಲ ಅದಕ್ಕೆ ಬೆನ್ನು ಮಾಡಿ ನಿಂತಿದ್ದಳು.

ಗಾಳಿಗೆ ಬಟ್ಟೆಯ ತುದಿ ಹಾರಿ ಅವಳ ಕೈಗೆ ತಾಗಿತು. ಅಂಚನ್ನು ಎರಡು ಸಲ ಮಡಚಿ, ಮೂಲೆಯಲ್ಲಿ ಅಡ್ಡ ಹೊಲಿಗೆ. ಅಮ್ಮ ಕಲಿಸಿದ ಹೊಲಿಗೆ.

"ಇದನ್ನ... ಯಾರು ಹೊಲಿದಿದ್ದು?"

"ನಿಮ್ಮಕ್ಕ" ಅಂದ ಅವನು ಮೆಲ್ಲಗೆ. "ಯಾತಕ್ಕೆ ಅಂತ ಕೇಳಿದ್ರು, ಹೇಳಿದೆ. ಆದ್ರೂ ಹೊಲಿದು ಕೊಟ್ರು."

"ಈ ಕಿಟಕಿ ವಿಷಯ ನಿಮಗೆ ಯಾವಾಗಿಂದ ಗೊತ್ತು?"

"ಮೊದಲನೇ ಸಲ ಸ್ಥಳ ನೋಡೋಕೆ ಬಂದಾಗಿಂದ. ಯಾರಿಗೂ ಹೇಳ್ಬೇಡಿ ಅಂತ ಮಾತು ತಗೊಂಡ್ರು. 'ನಮ್ಮ ಹುಡುಗಿ ಮೊದಲನೇ ಕೆಲಸ, ನಾನು ಅಡ್ಡಗಾಲು ಹಾಕಿದೆ ಅಂತ ಇನ್ನೂ ದೂರ ಆಗ್ತಾಳೆ' ಅಂದ್ರು."

ಅಷ್ಟೇ! ಅವಳ ಮೈಯೆಲ್ಲ ಉರಿದುಹೋಯಿತು.

"ಅಂದ್ರೆ ನೀವೂ ಅದೇ ಜಾತಿ! ನನ್ನ ಒಳ್ಳೇದಕ್ಕೆ ಅಂತ ಎಲ್ರೂ ಸೇರ್ಕೊಂಡು ಮುಚ್ಚಿಡಿ! ಅವತ್ತು ಅಮ್ಮನ ಕಾಯಿಲೆ ಮುಚ್ಚಿಟ್ರು, ಇವತ್ತು ಕಿಟಕಿ! ನಾನೇನು ಎಳೆ ಮಗುನಾ? ನನಗೆ ನಿಜ ಹೇಳೋಕೆ ಒಬ್ಬರಿಗೂ ಧೈರ್ಯ ಇಲ್ವಾ?"

ಅವನ ಮುಖ ಕೆಂಪಾಯಿತು. ಮೊದಲ ಬಾರಿಗೆ ಅವನ ದನಿಯೂ ಏರಿತು.

"ಮಾತು ಕೊಟ್ಟಿದ್ದು ನನ್ನ ತಪ್ಪೇ! ಆದ್ರೆ ಎಷ್ಟು ಸಲ ಬಂದು ನೋಡಿ ಅಂದೆ? ನೀವು ನೋಡಿದ್ರಾ? ಆ ಕೋಪಾನ ಕಂಕುಳಲ್ಲಿ ಕಟ್ಕೊಂಡು ಊರೆಲ್ಲ ಅಳೆದ್ರಿ, ಒಂದು ಮನೆ ಬಿಟ್ಟು! ಆ ಕಿಟಕಿಲಿ ಒಬ್ಬರು ದಿನಾ ನಿಮ್ಮ ದಾರಿ ನೋಡ್ತಾ ಕೂತಿರ್ತಾರೆ. ಅದನ್ನ ನೋಡಿ ಸುಮ್ಮನಿರೋದು ನನಗೆ ಸುಲಭ ಇತ್ತು ಅಂದ್ಕೊಂಡ್ರಾ?"

ಪೋಸ್ಟ್‌ಮಾಸ್ಟರ್ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

ಅವಳು ಸರಕ್ಕನೆ ತಿರುಗಿ ಓಣಿ ದಾಟಿ ಅಕ್ಕನ ಬಾಗಿಲು ದೂಡಿದಳು.

ಅಕ್ಕ ಬಲ್ಬಿನ ಕೆಳಗೆ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಳು. ತಂಗಿಯನ್ನು ಕಂಡದ್ದೇ ಸೂಜಿ ಕೈಜಾರಿತು.

"ಯಾಕೆ ತಕರಾರು ಕೊಡ್ಲಿಲ್ಲ?" ತಂಗಿ ಬಾಗಿಲಲ್ಲೇ ನಿಂತು ಗುಡುಗಿದಳು.

"ಬಲ್ಬ್ ಹಾಕ್ಕೊಂಡು ಹೊಲಿತೀನಿ ಬಿಡೇ..."

"ಬಿಡು ಅನ್ಬೇಡ! ಯಾವಾಗ್ಲೂ ನಿಂದೇ ತ್ಯಾಗ, ನಾನೇ ಕೆಟ್ಟೋಳು! ಅವತ್ತು ಒಂದು ಫೋನ್ ಮಾಡಿದ್ರೆ ಓಡಿ ಬರ್ತಿದ್ದೆ ಕಣೇ! ಪರೀಕ್ಷೆ ಮುಂದಿನ ವರ್ಷಾನೂ ಬರ್ತಿತ್ತು... ಅಮ್ಮ ಬರ್ತಾಳಾ?"

ಅಕ್ಕನಿಗೂ ರೇಗಿತು.

"ನನಗೇನು ಗೊತ್ತಿತ್ತೇ ಅಷ್ಟು ಬೇಗ ಹೋಗ್ತಾಳೆ ಅಂತ? ಒಬ್ಬಳೇ ಇದ್ದೆ! ಹೆದರಿದ್ದೆ! 'ಕತ್ತಲೆ ಕತ್ತಲೆ, ಬೆಳಕು ತಾರೇ' ಅಂತ ದಿನಾ ಕೇಳೋಳು. ಇದ್ದಾಗ ಕೊಡೋಕಾಗ್ಲಿಲ್ಲ. ಹೋದ್ಮೇಲೆ ಗೋಡೆ ಒಡೆಸಿದೆ..."

ಇಬ್ಬರೂ ಆ ಕಿಟಕಿಯನ್ನೇ ನೋಡಿದರು. ಅದರ ತುಂಬ ನೆರಳು.

ತಂಗಿ ಹೋಗಿ ಅಕ್ಕನನ್ನು ತಬ್ಬಿಕೊಂಡಳು. ಅಳುತ್ತಲೇ ಬೈದಳು, ಬೈಯುತ್ತಲೇ ಅತ್ತಳು.

"ಇನ್ನೊಂದು ಸಲ ಏನಾದ್ರೂ ಮುಚ್ಚಿಟ್ಟೆ ಅಂದ್ರೆ ನೋಡು..."

"ಇಲ್ಲ ಕಣೇ ಕೆಂಡ. ಇನ್ನೊಂದಿದೆ, ಅದನ್ನೂ ಹೇಳ್ಬಿಡ್ತೀನಿ." ಅಕ್ಕ ಮೂಗೊರೆಸಿಕೊಂಡಳು. "ನೀನು ಆಫೀಸಲ್ಲಿ ಜಗಳ ಆಡಿ ಬಂದ್ಯಲ್ಲ, ಅವತ್ತಿಂದ ಆ ಆಫೀಸರು ಶರ್ಟಿನ ಗುಂಡಿ ಹಾಕಿಸ್ಕೊಳ್ಳೋಕೆ ಬರ್ತಾನೇ ಇದ್ದಾರೆ. ಗುಂಡಿ ಬಿದ್ದಿರಲ್ಲ, ಕಿತ್ತಿರ್ತಾರೆ! ಹಾಕೋವಷ್ಟೂ ಹೊತ್ತು ನಿನ್ನ ಚಿಕ್ಕಂದಿನ ಕಥೆ ಕೇಳ್ತಾರೆ."

ಅವಳ ಕೆನ್ನೆ ಬಿಸಿಯಾಯಿತು.

ಮರುದಿನವೇ ಟೇಪು ಹಿಡಿದು ಅಕ್ಕನ ಮನೆ ಅಳೆದಳು. ಅವನ ಕೆಂಪು ಪೆನ್ಸಿಲ್ ಬ್ಯಾಗಿನಲ್ಲಿತ್ತಲ್ಲ, ಅದರಿಂದಲೇ ತನ್ನ ನಕ್ಷೆಯ ಗೆರೆಗಳನ್ನು ಹೊಡೆದುಹಾಕಿ ತಿದ್ದಿದಳು. ಕಿಟಕಿಯ ಎದುರಿನ ಮನೆಗಳು ಒಂದೇ ಮಹಡಿಗಿಳಿದವು. ಅವುಗಳ ಮೇಲಿನ ಕೋಣೆಗಳು ದಕ್ಷಿಣದ ಸಾಲಿಗೆ ಹೋದವು. ಎಂಟು ಮನೆ ಎಂಟಾಗೇ ಉಳಿಯಿತು.

ಹೊಸ ನಕ್ಷೆ ಹಿಡಿದು ಕಚೇರಿಗೆ ಹೋದರೆ ಆ ಮೇಜಿನಲ್ಲಿ ಅವನಿರಲಿಲ್ಲ.

"ನಿಮ್ಮ ಫೈಲು ಈಗ ನನ್ನ ಹತ್ರ" ಅಂದರು ಪಕ್ಕದ ಮೇಜಿನ ಹಿರಿಯ ಅಧಿಕಾರಿಣಿ. "ಅವರೇ ಬೇಡ ಅಂತ ಬರ್ಕೊಟ್ರು."

'ಕೈ ತೊಳ್ಕೊಂಡ! ಎಲ್ಲರ ಮುಂದೆ ಅಷ್ಟು ಕೂಗಾಡಿ, ಈಗ ಹೇಡಿ ಥರ ತಪ್ಪಿಸ್ಕೊಂಡ!' ಹಲ್ಲು ಕಡಿದಳು.

ಸಭೆಯ ದಿನ ಸಮಿತಿಯವರ ಮುಂದೆ ನಿಂತು, "ಮೊದಲಿನ ನಕ್ಷೆಯಲ್ಲಿ ನಮ್ಮಕ್ಕನ ಮನೆ ತಪ್ಪಾಗಿತ್ತು. ನಾನೇ ಅಳೆದಿರ್ಲಿಲ್ಲ" ಅಂತ ನೇರವಾಗಿ ಹೇಳಿದಳು. ಹಿಂದಿನ ಸಾಲಿನಲ್ಲಿ ಅಕ್ಕ ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದಳು. ಸ್ವಲ್ಪ ಹೊತ್ತು ಗುಸುಗುಸು ನಡೆದು, ಒಪ್ಪಿಗೆ ಸಿಕ್ಕಿತು. ಮಾಲೀಕರು ಎದ್ದು ಬಂದು ಕೈ ಕುಲುಕಿದರು.

ಹೊರಗೆ ಮೆಟ್ಟಿಲ ಬಳಿ ಅವನು ನಿಂತಿದ್ದ!

ಸಂತೋಷಪಡಬೇಕಾದವಳು ನೇರ ಹೋಗಿ ಜಗಳಕ್ಕೆ ನಿಂತಳು.

"ಫೈಲ್ ಬಿಟ್ಟು ಓಡೋದ್ರಲ್ಲ! ನಾಚಿಕೆ ಆಗಲ್ವಾ?"

"ಬಿಡ್ಲೇಬೇಕಿತ್ತು."

"ಯಾಕೆ? ನನ್ನ ಮುಖ ನೋಡೋಕೆ ಹೆದರಿಕೆನಾ?"

"ನಿಮ್ಮ ಫೈಲು ನನ್ನ ಮೇಜಿನ ಮೇಲಿದ್ರೆ, ನಾನು ನಿಮಗೆ ಹೇಳ್ಬೇಕಾದ್ದನ್ನ ಹೇಳೋ ಹಾಗಿರ್ಲಿಲ್ಲ." ಅವನ ದನಿ ಒಣಗಿತ್ತು. "ನಿಮ್ಮ ಹತ್ರ ಏನೂ ಮುಚ್ಚಿಡಬಾರದು ಅಂತ ಕಲ್ತಿದ್ದೀನಿ. ಅದಕ್ಕೇ ಹೇಳ್ತೀನಿ. ನೀವು ಆ ಸುರುಳಿ ಎಸೆದು ಕೂಗಾಡಿದ್ರಲ್ಲ, ಅವತ್ತಿಂದ ನನಗೆ ನೀವು ಬೇಕು. ಈ ಕೋಪದ ಸಮೇತ."

ಮೆಟ್ಟಿಲ ಮೇಲೆ ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಅವಳಿಗೆ ಯಾರೂ ಕಾಣಲಿಲ್ಲ. ಅವಳಿಗೆ ಒಬ್ಬರು ಒಂದು ಮಾತನ್ನು ಹೀಗೆ ಪೂರ್ತಿಯಾಗಿ, ಮುಖಕ್ಕೆ ಮುಖ ಕೊಟ್ಟು ಹೇಳಿ ಎಷ್ಟು ಕಾಲವಾಗಿತ್ತು! ಕಣ್ಣು ತುಂಬಿಕೊಂಡಿತು. ಅದು ಕಾಣಬಾರದೆಂದು ತಲೆ ತಗ್ಗಿಸಿದರೆ, ಅವನ ಶರ್ಟಿನ ತೋಳು ಕಂಡಿತು.

"ಗುಂಡಿ ಬಿದ್ದಿದೆ" ಅಂದಳು.

"ಬಿದ್ದಿಲ್ಲ. ಕಿತ್ತಿದ್ದು. ಸಂಜೆ ನಿಮ್ಮಕ್ಕನ ಮನೆಗೆ ಬರೋಕೆ ಕಾರಣ ಬೇಕಿತ್ತು."

"ನನಗಿನ್ನೂ ಕೋಪ ಹೋಗಿಲ್ಲ, ಗೊತ್ತಾ?"

"ಗೊತ್ತು."

ಬ್ಯಾಗಿನಿಂದ ಕೆಂಪು ಪೆನ್ಸಿಲ್ ತೆಗೆದು ಅವನ ಕೈಯಲ್ಲಿಟ್ಟಳು. ಇಟ್ಟ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ಇರೋ ಗುಂಡಿನೆಲ್ಲ ಹಾಳು ಮಾಡ್ಕೋಬೇಡಿ. ಕಾರಣ ಇಲ್ದೆ ಬನ್ನಿ..."